ಊರಿನಿಂದ ತರಲಾಗದ ಮಣ್ಣು

ರಜೆ ಮುಗಿಸಿ ಊರಿನಿಂದ ದಿಲ್ಲಿಗೆ ಹಿಂತಿರುಗುವ ನಮ್ಮವರ ಸಾಮಾನುಗಳನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿಯೋ, ಬೇರುಸಹಿತ ಕಿತ್ತ ಒಂದು ಸಸಿಯೋ ಇದ್ದೇ ಇರುತ್ತದೆ. ಅಜ್ಜಿಯ ಮನೆಯ ದುಂಡುಮಲ್ಲಿಗೆ, ಅತ್ತಿಗೆ ಕೊಟ್ಟ ಕನಕಾಂಬರ, ಹಿತ್ತಲಿನ ಕೆಂಪು ದಾಸವಾಳ. ಎರಡು ರಾತ್ರಿಯ ಪ್ರಯಾಣವನ್ನು ಆ ಗಿಡ ಹೇಗೋ ತಾಳಿಕೊಳ್ಳುತ್ತದೆ. ತಾಳಿಕೊಳ್ಳದಿರುವುದು ಇಲ್ಲಿಯ ಕುಂಡವನ್ನು. ಹದಿನೈದು ದಿನದಲ್ಲಿ ಎಲೆ ಹಳದಿಯಾಗಿ, ತಿಂಗಳೊಳಗೆ ಕಡ್ಡಿ ಒಣಗಿರುತ್ತದೆ. ಗಿಡವನ್ನು ತಂದೆವು, ಅದರ ಮಣ್ಣನ್ನು ತರಲಿಲ್ಲ.

ನಮ್ಮ ಮನೆಯಲ್ಲಿಯೂ ಹೀಗೆ ಎರಡು ಮಲ್ಲಿಗೆ ಬಲಿಯಾದ ಮೇಲೆ ಸಸ್ಯಗಳ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಮಣ್ಣನ್ನು ಕೊಂಡು ತಂದೆ. ಆಗ ಇಲ್ಲಿಗೆ ಬಂದಿದ್ದ ತಾಯಿಯವರು ಚೀಲವನ್ನೂ ನನ್ನನ್ನೂ ನೋಡಿ, "ಮಣ್ಣಿಗೂ ದುಡ್ಡು ಕೊಟ್ಟು ತರ್ತೀಯೇನೋ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಹಾಸ್ಯವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಗೊಬ್ಬರದ ಮಣ್ಣಿಗೂ ಒಂದು ಇತಿಹಾಸವಿರುವುದು, ಆ ಇತಿಹಾಸದಲ್ಲಿ ನಮ್ಮ ಬೆಂಗಳೂರಿನ ಹೆಸರೂ ಸೇರಿರುವುದು ತಿಳಿಯಿತು. ಅದನ್ನು ವಾಚಕರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಸದಿಂದ ಮಣ್ಣನ್ನು ಮಾಡಿಕೊಳ್ಳುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಎಲ್ಲ ಗಿಡಗಳಿಗೂ ಮೃದುವಾದ ಮಣ್ಣೇ ಹಿತವೆಂದೂ, ಮೊದಲು ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕೆಂದೂ ಅಲ್ಲಿ ಹೇಳಿದೆ. ಇಂದು ನಾವು ಹಸಿರೆಲೆ ಗೊಬ್ಬರ ಎನ್ನುವುದು ಇದನ್ನೇ. ಕನ್ನಡದಲ್ಲಿಯೂ ಇಂಥ ಗ್ರಂಥವಿದೆ. ಕ್ರಿ.ಶ. 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವನ್ನು ರಚಿಸಿದನು. ಈತ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಬೇರೆಯವನು. ಜನಸಾಮಾನ್ಯರಿಗೆ ನಿತ್ಯಜೀವನದಲ್ಲಿ ಬೇಕಾದ ವಿಷಯಗಳನ್ನು ಕನ್ನಡದಲ್ಲಿ ಸಂಗ್ರಹಿಸಿದ ಈ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಸಾವಿರ ವರ್ಷಗಳ ಹಿಂದೆಯೇ ಗಿಡದ ಆರೈಕೆ ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಪಂಕ್ತಿಯಲ್ಲಿ ಕುಳಿತಿತ್ತು ಎಂಬುದು ಹೆಮ್ಮೆಯ ವಿಷಯ.

ಆದರೆ ಗ್ರಂಥಗಳಿಗಿಂತ ದೊಡ್ಡ ಪಾಠಶಾಲೆ ನಮ್ಮ ಹಿತ್ತಲು. ಶಿರಸಿ, ಸಿದ್ದಾಪುರಗಳ ಕಡೆಯವರಿಗೆ ಸೊಪ್ಪಿನಬೆಟ್ಟ ಎಂದರೆ ವಿವರಿಸಬೇಕಾಗಿಲ್ಲ. ಬೆಟ್ಟದಿಂದ ಸೊಪ್ಪು, ತರಗೆಲೆಗಳನ್ನು ತಂದು ಕೊಟ್ಟಿಗೆಯಲ್ಲಿ ಹಾಸುವುದು, ದನಗಳು ಅದರ ಮೇಲೆ ನಿಂತು ಮಲಗಿ ಸೆಗಣಿ ಗಂಜಲಗಳಿಂದ ಅದನ್ನು ನೆನೆಸುವುದು, ಅದನ್ನು ಬಾಚಿ ಗೊಬ್ಬರದ ಗುಂಡಿಗೆ ಹಾಕುವುದು, ಕೊಳೆತು ಕಪ್ಪಾದ ಮೇಲೆ ಅಡಕೆ ತೋಟಕ್ಕೆ ಹೊರುವುದು. ಬಯಲುಸೀಮೆಯ ಮನೆಗಳಲ್ಲಿ ಇದೇ ಕೆಲಸ ತಿಪ್ಪೆಯಲ್ಲಿ ನಡೆಯುತ್ತಿತ್ತು. ಹೂವಿನ ಗಿಡಕ್ಕೆ ಮಣ್ಣು ಬೇಕಾದಾಗ ಹೆಂಗಸರು ತಿಪ್ಪೆಯ ತಳದಿಂದ ಎರಡು ಮಂಕರಿ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ, ಬಹುಶಃ ಅದರಿಂದಲೇ ಅದೊಂದು ವಿದ್ಯೆ ಎಂದು ಯಾರಿಗೂ ತೋರಲಿಲ್ಲ.

ಹಾಗೆ ತೋರಿದ್ದು ಒಬ್ಬ ಆಂಗ್ಲ ವಿಜ್ಞಾನಿಗೆ. ಆಲ್ಬರ್ಟ್ ಹೋವರ್ಡ್ (1873–1947) 1905ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಗೆ ಸಸ್ಯಶಾಸ್ತ್ರಜ್ಞನಾಗಿ ಬಂದನು. ದಿಲ್ಲಿಯವರಿಗೆ ಪೂಸಾ ಎಂದರೆ ನಮ್ಮ ಪೂಸಾ ರಸ್ತೆ ನೆನಪಾಗುತ್ತದೆ. 1934ರ ಭೂಕಂಪದಲ್ಲಿ ಬಿಹಾರದ ಕಟ್ಟಡ ಹಾಳಾದ ಮೇಲೆ, 1936ರಲ್ಲಿ ಆ ಸಂಸ್ಥೆ ಹೆಸರಿನ ಸಮೇತ ದಿಲ್ಲಿಗೆ ವರ್ಗವಾಯಿತು. ನಾವು ಸರಕಾರಿ ನೌಕರರು ವರ್ಗವಾಗಿ ಬಂದಂತೆಯೇ!

ಪೂಸಾದಲ್ಲಿ ಹೋವರ್ಡನಿಗೆ ಒಂದು ಅಸಮಾಧಾನವಿತ್ತು. ಬೆಳೆಗೆ ಒಂದು ವಿಭಾಗ, ಕೀಟಕ್ಕೆ ಒಂದು, ರೋಗಕ್ಕೆ ಒಂದು, ಮಣ್ಣಿಗೆ ಇನ್ನೊಂದು. ಕಡತವು ಮೇಜಿನಿಂದ ಮೇಜಿಗೆ ಹೋಗುವಂತೆ ಗಿಡವೂ ಹೋಗುತ್ತಿತ್ತು, ಇಡೀ ಗಿಡವನ್ನು ನೋಡುವವರಿರಲಿಲ್ಲ. ಆತ ಸುತ್ತಲಿನ ರೈತರ ಹೊಲಗಳನ್ನು ನೋಡತೊಡಗಿದನು. ರೈತರೂ ಬೆಳೆಗೆ ಬೀಳುವ ಕೀಟಗಳೂ ತನಗೆ ಗುರುಗಳೆಂದು ಆತ ಮುಂದೆ ಬರೆದುಕೊಂಡಿದ್ದಾನೆ. ಗಿಡ ರೋಗಕ್ಕೆ ಬಲಿಯಾದರೆ ಅದು ಮಣ್ಣಿನ ದೂರು ಎಂಬುದು ಆತ ಕಲಿತ ಪಾಠ. ಸಸ್ಯವಿಜ್ಞಾನಿಯೇ ಆಗಿದ್ದ ಪತ್ನಿ ಗೇಬ್ರಿಯೆಲ್ ಈ ಕೆಲಸದಲ್ಲಿ ಸಹಭಾಗಿಯಾಗಿದ್ದರು.

1924ರಲ್ಲಿ ಹೋವರ್ಡ್ ಇಂದೂರಿನ ಹೊಸ ಸಸ್ಯಸಂಶೋಧನಾ ಸಂಸ್ಥೆಯ ನಿರ್ದೇಶಕನಾದನು. ಅಲ್ಲಿ ಹತ್ತಿಯ ಕಡ್ಡಿ, ಕಬ್ಬಿನ ರವದಿ, ಕಳೆ, ಉದುರಿದ ಎಲೆ ಎಲ್ಲವನ್ನೂ ಗೊಬ್ಬರವಾಗಿಸುವ ಪ್ರಯೋಗ ನಡೆಯಿತು. ಗಟ್ಟಿಯಾದ ಹತ್ತಿಕಡ್ಡಿಗಳನ್ನು ಜಮೀನಿನ ರಸ್ತೆಗಳ ಮೇಲೆ ಹರಡುತ್ತಿದ್ದರು, ಗಾಡಿಚಕ್ರಗಳು ಅವನ್ನು ತಾವಾಗಿಯೇ ನುರಿಯುತ್ತಿದ್ದವು. ಅನಂತರ ಅವನ್ನು ದನದ ಕೊಟ್ಟಿಗೆಯಲ್ಲಿ ಹಾಸಿ, ಗಂಜಲದಿಂದ ನೆನೆದ ಮಣ್ಣು, ಸೆಗಣಿ, ಕಟ್ಟಿಗೆಯ ಬೂದಿಗಳೊಂದಿಗೆ ಸುಮಾರು ಎರಡು ಅಡಿ ಆಳದ ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ, ನೀರು ಚಿಮುಕಿಸಿ, ಮೂರು ತಿಂಗಳಲ್ಲಿ ಮೂರು ಸಲ ಮಗುಚುತ್ತಿದ್ದರು. ಮೂರನೆಯ ತಿಂಗಳ ಕೊನೆಗೆ ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವ, ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಮಣ್ಣು ಸಿದ್ಧ. ಮಲೆನಾಡಿನ ಕೊಟ್ಟಿಗೆಯನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದುದು ಕಡಿಮೆ. ಹೋವರ್ಡ್ ಮಾಡಿದ್ದು, ಆ ಕೆಲಸಕ್ಕೆ ಅಳತೆ, ಕಾಲ, ಕಾರಣಗಳನ್ನು ಕೊಟ್ಟದ್ದು. ಚೀನಾ, ಕೊರಿಯಾ, ಜಪಾನಿನ ರೈತರು ಕಸವನ್ನು ಮಣ್ಣಿಗೆ ಹಿಂದಿರುಗಿಸುವ ರೀತಿಯನ್ನು ವಿವರಿಸಿದ ಅಮೆರಿಕದ ಎಫ್. ಎಚ್. ಕಿಂಗ್ ಅವರ 1911ರ ಪುಸ್ತಕವೂ ಆತನಿಗೆ ದಾರಿ ತೋರಿಸಿತ್ತು.

1931ರಲ್ಲಿ ಈ 'ಇಂದೂರು ಪದ್ಧತಿ' ಪುಸ್ತಕವಾಗಿ ಹೊರಬಂದಿತು. ಅದರ ಮುಖಪುಟದಲ್ಲಿ ಎರಡು ಹೆಸರುಗಳಿದ್ದವು: ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್. ರಸಾಯನಶಾಸ್ತ್ರದ ಕೆಲಸವನ್ನು ಹೊತ್ತವರು ವಾಡ್. ಹೋವರ್ಡ್ ಅದೇ ವರ್ಷ ಸ್ವದೇಶಕ್ಕೆ ಮರಳಿ, 1934ರಲ್ಲಿ 'ಸರ್' ಪದವಿ ಪಡೆದು, 1940ರಲ್ಲಿ ಬರೆದ ಗ್ರಂಥದಿಂದ ಲೋಕಪ್ರಸಿದ್ಧನಾದನು. ಇಂದು ಸಾವಯವ ಕೃಷಿ ಎಂಬ ಮಾತು ಎಲ್ಲಿ ಕೇಳಿದರೂ ಅಲ್ಲಿ ಹೋವರ್ಡನ ಹೆಸರಿರುತ್ತದೆ. ವಾಡ್ ಅವರ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ. ಹೊಲದಲ್ಲಿ ಕಲಿಸಿದ ರೈತರ ಹೆಸರುಗಳಂತೂ ಎಲ್ಲಿಯೂ ಇಲ್ಲ.

1935ರ ಏಪ್ರಿಲ್‌ನಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನಕ್ಕಾಗಿ ಇಂದೂರಿಗೆ ಹೋಗಿದ್ದ ಗಾಂಧೀಜಿಯವರು ಈ ಸಂಸ್ಥೆಗೂ ಹೋಗಿ ಗೊಬ್ಬರ ಮಾಡುವ ರೀತಿಯನ್ನು ನೋಡಿದರು. ತಮ್ಮ 'ಹರಿಜನ' ಪತ್ರಿಕೆಯಲ್ಲಿ ಈ ವಿಷಯವಾಗಿ ಬರೆದರು. ಬಡವನಿಗೆ ಖರ್ಚಿಲ್ಲದೆ ಸಂಪತ್ತು ತರುವ ಯಾವ ಕೆಲಸವೂ ಅವರಿಗೆ ಸಣ್ಣದಾಗಿ ಕಾಣುತ್ತಿರಲಿಲ್ಲ.

ಹಳ್ಳಿಯ ಕಸಕ್ಕೆ ಇಂದೂರು ದಾರಿ ತೋರಿದರೆ, ಪಟ್ಟಣದ ಕಸಕ್ಕೆ ದಾರಿ ತೋರಿದ್ದು ಬೆಂಗಳೂರು. ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೆ 1916ರಲ್ಲಿ ಗಿಲ್ಬರ್ಟ್ ಫೌಲರ್ ಎಂಬ ವಿಜ್ಞಾನಿ ಬಂದಿದ್ದರು. ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣಕ್ಕಾಗಿ ದುಡಿದ ಅವರು ಇಲ್ಲಿ ನಗರದ ಕಸದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆ ಪರಂಪರೆಯಲ್ಲಿ 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮವೇ ಪ್ರಪಂಚದ ಪಠ್ಯಪುಸ್ತಕಗಳಲ್ಲಿರುವ 'ಬೆಂಗಳೂರು ಪದ್ಧತಿ'. ಸುಮಾರು ಮೂರಡಿ ಆಳದ ಕಂದಕದಲ್ಲಿ ಊರಿನ ಕಸ ಒಂದು ಪದರ, ಮಲ ಒಂದು ತೆಳು ಪದರ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚುವುದು. ಮಗುಚುವ ಶ್ರಮವಿಲ್ಲ, ಮತ್ತೆ ಮತ್ತೆ ನೀರು ಹಾಕುವ ಅಗತ್ಯವಿಲ್ಲ. ಮೊದಲ ಎಂಟು ಹತ್ತು ದಿನ ಒಳಗಿರುವ ಗಾಳಿಯಿಂದ ಕಾವೇರಿ, ಅನಂತರ ಗಾಳಿಯಿಲ್ಲದೆ ನಿಧಾನವಾಗಿ ಕೊಳೆತು, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಇಂದೂರಿನದು ಬೇಗ, ಶ್ರಮ ಹೆಚ್ಚು. ಬೆಂಗಳೂರಿನದು ತಡ, ಶ್ರಮ ಕಡಿಮೆ. 1940ರ ದಶಕದಲ್ಲಿ ಆಹಾರದ ಅಭಾವ ತಲೆದೋರಿದಾಗ ದೇಶದ ಅನೇಕ ಪುರಸಭೆಗಳು ಇಂಥ ಗೊಬ್ಬರದ ಕೆಲಸಕ್ಕೆ ಕೈಹಾಕಿದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಪುಸ್ತಕದಲ್ಲಿ 'ಮಗುಚುವ ಶ್ರಮವಿಲ್ಲ' ಎಂದು ಓದುವುದು ಸುಲಭ. ಆದರೆ ಆ ಮಲವನ್ನು ಮನೆಮನೆಯಿಂದ ತಲೆಯ ಮೇಲೆ ಹೊತ್ತು ಕಂದಕಕ್ಕೆ ತಂದವರು ಯಾರು? ಆ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 1970ರ ದಶಕದ ಮೊದಲಲ್ಲಿ ದೇವರಾಜ ಅರಸು ಅವರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಲವಾದ ಕಾನೂನು 2013ರಲ್ಲಿ. ಮಣ್ಣಿನ ಇತಿಹಾಸವನ್ನು ಹೆಮ್ಮೆಯಿಂದ ಹೇಳುವಾಗ ಈ ಋಣವನ್ನೂ ಹೇಳಬೇಕು. ತನ್ನ ಮನೆಯ ಕಸವನ್ನು ತಾನೇ ಮಣ್ಣಾಗಿಸುವವನು ಆ ಮಟ್ಟಿಗಾದರೂ ಇನ್ನೊಬ್ಬರ ತಲೆಯ ಹೊರೆಯನ್ನು ಇಳಿಸುತ್ತಾನೆ.

ಇನ್ನು ಕುಂಡದ ವಿಷಯ. ಗೊಬ್ಬರ ಸಿದ್ಧವಾದರೆ ಸಾಲದು, ಕುಂಡದ ಮಣ್ಣಿಗೆ ಬೇರೆಯೇ ಹದ ಬೇಕು. ನೆಲದಲ್ಲಿ ನೀರು ಕೆಳಕೆಳಗೆ ಇಳಿದುಹೋಗುತ್ತದೆ. ಕುಂಡದ ಅಡಿಯಲ್ಲಿ ಅದು ನಿಂತುಬಿಡುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಇಂಗ್ಲೆಂಡಿನ ತೋಟಗಾರರು ಹಿಂದೆ ಒಂದೊಂದು ಗಿಡಕ್ಕೂ ಒಂದೊಂದು ಮಿಶ್ರಣವನ್ನು ಹೇಳುತ್ತಿದ್ದರು. ಅವರವರ ಅನುಭವವೇ ಅವರವರ ಶಾಸ್ತ್ರವಾಗಿತ್ತು. 1930ರ ದಶಕದಲ್ಲಿ ಲಂಡನ್ನಿನ ಬಳಿಯ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ ಪ್ರಯೋಗಕ್ಕಾಗಿ ಬೆಳೆಸಿದ ಪ್ರಿಮ್ಯುಲಾ ಸಸಿಗಳು ಮಣ್ಣಿನ ರೋಗದಿಂದ ಸಾಯತೊಡಗಿದವು. ಆಗ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ಎಲ್ಲ ಗಿಡಕ್ಕೂ ಹೊಂದುವ ಮಿಶ್ರಣವನ್ನು ಕಂಡುಹಿಡಿದರು: ಅಳತೆಯಲ್ಲಿ ಏಳು ಪಾಲು ಹುಲ್ಲುಗಾವಲಿನ ಮೇಲ್ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ದಪ್ಪ ಮರಳು, ಜತೆಗೆ ಸ್ವಲ್ಪ ಸುಣ್ಣದ ಕಲ್ಲಿನ ಪುಡಿ ಮತ್ತು ಗೊಬ್ಬರ. ಮೇಲ್ಮಣ್ಣನ್ನು ಮೊದಲು ಆವಿಯಲ್ಲಿ ಕಾಯಿಸಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಇದನ್ನು ಅವರು ಗುಟ್ಟಾಗಿಡಲಿಲ್ಲ. 1939ರಲ್ಲಿ ಪುಸ್ತಕದ ಮೂಲಕ ಸರ್ವರಿಗೂ ತಿಳಿಸಿದರು, ಸಂಸ್ಥೆ ಅದರಿಂದ ಲಾಭ ಪಡೆಯಲಿಲ್ಲ. ಬೆಂಗಳೂರು ಪದ್ಧತಿ ರೂಪುಗೊಂಡ ವರ್ಷವೇ ಇದೂ ಪ್ರಕಟವಾಯಿತೆಂಬುದು ಒಂದು ವಿಶೇಷ.

ಪೀಟ್ ಎಂಬುದು ತಣ್ಣನೆಯ ದೇಶಗಳ ಜವುಗುನೆಲದಲ್ಲಿ ಸಾವಿರಾರು ವರ್ಷ ಕೊಳೆತೂ ಕೊಳೆಯದೆ ಉಳಿದ ಪಾಚಿಯ ರಾಶಿ. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುವ ಆ ರಾಶಿಯನ್ನು ಅಗೆದು ಮುಗಿಸಿದರೆ ಮತ್ತೆ ಸಿಗುವುದಿಲ್ಲ. ನಮಗೆ ಅದರ ಅವಶ್ಯಕತೆಯೂ ಇಲ್ಲ. ನೀರನ್ನು ಹಿಡಿದು ಗಾಳಿಯನ್ನೂ ಬಿಡುವ ಅದೇ ಗುಣ ತೆಂಗಿನ ನಾರಿನ ಪುಡಿಗೂ ಚೆನ್ನಾಗಿ ಕೊಳೆತ ಎಲೆಗೂ ಇದೆ.

ಎಲೆ ಎಂದೊಡನೆ ದಿಲ್ಲಿಗೆ ಮರಳಿ ಬರಬೇಕು. ಫಾಲ್ಗುಣ ಮಾಸದಲ್ಲಿ ನಮ್ಮ ಸರಕಾರಿ ವಸತಿಗಳ ಬೇವು, ಅರಳಿಮರಗಳು ಎಲೆ ಸುರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಗುಡಿಸಿ ಗುಡ್ಡೆ ಹಾಕಿದ ಆ ಎಲೆಗಳಿಗೆ ಬೆಂಕಿ ಇಡುವುದನ್ನೂ ಕಂಡಿದ್ದೇವೆ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಎಲೆ ಸುಡುವವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡದ ಮಾತಿರಲಿ, ಒಂದು ಕಡೆ ಎಲೆಯನ್ನು ಸುಟ್ಟು ಹೊಗೆ ಕುಡಿಯುವುದು, ಇನ್ನೊಂದು ಕಡೆ ಚೀಲದ ಮಣ್ಣಿಗೆ ಹಣ ಕೊಡುವುದು ಎಂಥ ಲೆಕ್ಕಾಚಾರ! ತರಕಾರಿ ಸಿಪ್ಪೆಯ ಕತೆಯೂ ಇದೇ. 1984ರಲ್ಲಿ ಆರಂಭವಾದ ಘಾಜೀಪುರದ ಕಸದ ರಾಶಿ ಬೆಳೆಬೆಳೆದು ಗುಡ್ಡವಾಗಿ, 2017ರ ಸೆಪ್ಟೆಂಬರ್ 1ರಂದು ಅದರ ಒಂದು ಭಾಗ ಕುಸಿದು ಇಬ್ಬರ ಪ್ರಾಣ ಹೋಯಿತು. ಪ್ಲಾಸ್ಟಿಕ್ ಬೆರೆಯದಿದ್ದರೆ ಮಣ್ಣಾಗಬಹುದಾಗಿದ್ದ ಎಷ್ಟೋ ವಸ್ತು ಆ ಗುಡ್ಡದೊಳಗಿದೆ.

ಆದ್ದರಿಂದ ಇತಿಹಾಸವನ್ನು ಬಾಲ್ಕನಿಗೆ ಇಳಿಸೋಣ. ಮುಚ್ಚಳವಿರುವ ಹಳೆಯ ಬಣ್ಣದ ಬಕೆಟ್ಟೊಂದನ್ನು ತೊಳೆದು, ಅಡಿಯಲ್ಲೂ ಬದಿಯಲ್ಲೂ ತೂತು ಮಾಡಿ. ಕೆಳಗೊಂದು ತಟ್ಟೆ ಇಡಿ. ಅಡಿಗೆ ಒಣ ಎಲೆ. ದಿನವೂ ಒಂದು ಹಿಡಿ ತರಕಾರಿ ಸಿಪ್ಪೆ, ದೇವರಿಗೆ ಏರಿಸಿ ಬಾಡಿದ ಹೂವು ಹಾಕಿದರೆ, ಅದರ ಮೇಲೆ ಎರಡು ಮೂರು ಹಿಡಿ ಒಣ ಎಲೆ ಪುಡಿಮಾಡಿ ಹಾಕಿ. ಈ ಪ್ರಮಾಣಕ್ಕೆ ಕಾರಣವಿದೆ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಹಿತ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಹಸಿ ಹೆಚ್ಚಾದರೆ ನಾರುತ್ತದೆ, ಒಣ ಹೆಚ್ಚಾದರೆ ಕೊಳೆಯುವುದೇ ಇಲ್ಲ. ನಡುನಡುವೆ ಒಂದು ಹಿಡಿ ಹಳೆಯ ಮಣ್ಣು ಅಥವಾ ಹುಳಿ ಮಜ್ಜಿಗೆ ಬೆರೆಸಿದ ನೀರು ಚಿಮುಕಿಸಿ, ವಾರಕ್ಕೊಮ್ಮೆ ಕೋಲಿನಿಂದ ಮಗುಚಿ. ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು. ಬೇಯಿಸಿದ ಅನ್ನ ಸಾರು, ಎಣ್ಣೆ ಪದಾರ್ಥ ಬೇಡ. ಚಹಾದ ಚರಟವನ್ನು ಹಾಲು ಸಕ್ಕರೆ ಹೋಗುವಂತೆ ತೊಳೆದು ಹಾಕಿ. ಬೂದಿ ಚಿಟಿಕೆಯಷ್ಟೇ ಇರಲಿ, ದಿಲ್ಲಿಯ ನೀರು ಮಣ್ಣುಗಳು ಮೊದಲೇ ಕ್ಷಾರ. ಮೂರು ನಾಲ್ಕು ತಿಂಗಳಲ್ಲಿ, ಚಳಿಗಾಲವಾದರೆ ಇನ್ನೂ ತಡವಾಗಿ, ಸಿಪ್ಪೆಯ ಗುರುತು ಸಿಗದ ಕಪ್ಪು ಪುಡಿ ಕಾಣುತ್ತದೆ.

ಆದರೆ ಗೊಬ್ಬರವನ್ನಷ್ಟೇ ಕುಂಡಕ್ಕೆ ತುಂಬಬಾರದು. ಅದು ಮತ್ತೂ ಕೊಳೆಯುತ್ತ ಕುಸಿದು, ಬೇರು ಮೇಲೆ ಬರುತ್ತದೆ. ಎರಡು ಪಾಲು ಹಳೆಯ ಕುಂಡದ ಅಥವಾ ಅಂಗಳದ ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೊಳೆತ ಎಲೆ ಅಥವಾ ಪೂಜೆಯ ತೆಂಗಿನಕಾಯಿ ಜುಟ್ಟನ್ನು ಸಣ್ಣಗೆ ಕತ್ತರಿಸಿದ ನಾರು, ಅರ್ಧ ಪಾಲು ದಪ್ಪ ಮರಳು ಅಥವಾ ಜಜ್ಜಿದ ಇಟ್ಟಿಗೆ ಚೂರು ಬೆರೆಸಿದರೆ ಮಲ್ಲಿಗೆ, ಚೆಂಡುಹೂ, ದಾಸವಾಳಗಳಿಗೆ ಒಗ್ಗುತ್ತದೆ. ಲಾರೆನ್ಸ್ ಮತ್ತು ನ್ಯೂವೆಲ್ ಆವಿಯಿಂದ ಮಾಡಿದ ಕೆಲಸವನ್ನು ನಮಗೆ ಬಿಸಿಲೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಮಣ್ಣನ್ನು ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ತೆಳ್ಳಗೆ ಹರಡಿ ಕಟ್ಟಿ, ಮೇ ತಿಂಗಳ ತಾರಸಿಯ ಮೇಲೆ ನಾಲ್ಕು ವಾರ ಇಟ್ಟರೆ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ಸಾಯುತ್ತವೆ. ಕುಂಡದ ತೂತಿಗೆ ಒಂದು ಹೆಂಚಿನ ಚೂರು ಸಾಕು. ಅಡಿಯಲ್ಲಿ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬುದು ಹಳೆಯ ನಂಬಿಕೆ, ನಿಜವಾಗಿ ಅದರಿಂದ ಬೇರಿಗೆ ಸಿಗುವ ಜಾಗವೇ ಕಡಿಮೆಯಾಗುತ್ತದೆ.

ಹೀಗೆ ಮಾಡಿದ ಮಣ್ಣಿನಲ್ಲಿ ನಮ್ಮ ಮೂರನೆಯ ಮಲ್ಲಿಗೆ ನಿಂತಿತು. ತಾಯಿಯವರಿಗೆ ಫೋನಿನಲ್ಲಿ ತಿಳಿಸಿದಾಗ ಅವರು ವಿಶೇಷವಾಗಿ ಸಂತೋಷಪಡಲಿಲ್ಲ. "ಇಷ್ಟು ದಿನ ಆ ಸಿಪ್ಪೆಯನ್ನೆಲ್ಲ ಏನು ಮಾಡ್ತಿದ್ರಿ?" ಎಂದು ಮಾತ್ರ ಕೇಳಿದರು. ವರಾಹಮಿಹಿರ, ಹೋವರ್ಡ್, ಆಚಾರ್ಯರನ್ನೆಲ್ಲ ಓದಿದ್ದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊರನಾಡಿನಲ್ಲಿರುವ ನಾವು ಊರಿನಿಂದ ಭಾಷೆಯನ್ನು ತಂದೆವು, ಹಬ್ಬಗಳನ್ನು ತಂದೆವು, ಗಿಡಗಳನ್ನೂ ತಂದೆವು. ಮಣ್ಣನ್ನು ಮಾತ್ರ ತರಲಾಗುವುದಿಲ್ಲ, ಅದನ್ನು ಇದ್ದಲ್ಲಿಯೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದುದೆಲ್ಲ ಮನೆಯ ಕೆಳಗೆ ಉದುರಿ ಬಿದ್ದಿದೆ. ಮುಂದಿನ ಫಾಲ್ಗುಣದಲ್ಲಿ ಯಾರಾದರೂ ಬೆಂಕಿ ಕಡ್ಡಿ ಗೀರುವ ಮೊದಲು, ಒಂದು ಗೋಣಿಚೀಲ ಹಿಡಿದು ಕೆಳಗೆ ಇಳಿಯಿರಿ.